ಪೊಲೀಸ್ ಹೋದ್ರಾ?

ಠಾಣೆಯಿಂದ,
ಬುಧವಾರ ಸಂಜೆ

ನಾನು ಈ ಕೆಲಸಕ್ಕೆ ಸೇರಿದ ದಿನದಿಂದ ಮುನಿಸಿಕೊಂಡೇ ಇರುವ ನನ್ನ ಅಮ್ಮನಿಗೆ, ಮುನಿಸು ಬಿಡದಿದ್ದರೂ ಇದನ್ನು ಪೂರ್ತಿ ಓದು ಎಂದು ಬೇಡುತ್ತಾ, ನಮಸ್ಕಾರಗಳು.

ನಿನ್ನ ಮಂಡಿನೋವು ಹೇಗಿದೆ? ನಿನ್ನ ಹತ್ತಿರ ಬಿಟ್ಟಿರುವ ನನ್ನ ಮಗಳು ಸರಿಯಾಗಿ ಊಟ ಮಾಡುತ್ತಾಳಾ, ಇಲ್ಲಾ ತುತ್ತಿಗೊಂದು ರಾಗ ಎಳೆಯುತ್ತಾಳಾ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನಿನಲ್ಲಾದರೆ ನೀನು ಅರ್ಧಕ್ಕೇ ಬಾಯಿ ಹಾಕುತ್ತೀ. ಕಾಗದಕ್ಕೆ ಬಾಯಿ ಹಾಕಲು ಬರುವುದಿಲ್ಲ ನೋಡು.

ನೀನು ತಿಳಿದಂತೆ ನಾನೇನೂ ದಿನಾ ಕಳ್ಳರ ಹಿಂದೆ ಓಡುತ್ತಿಲ್ಲಮ್ಮ. ಊರಾಚೆಯ ಬಡಾವಣೆ ಇದು. ಒಂದೇ ಅಚ್ಚಿನ ಮನೆಗಳು, ಗೋಡೆಗೆ ಗೋಡೆ ತಾಗಿದ್ದರೂ ಮುಖ ಕೊಟ್ಟು ಮಾತಾಡದ ಜನ. ಪಕ್ಕದವರ ಮೇಲೆ ಸಿಟ್ಟು ಬಂದರೆ ಅವರ ಬಾಗಿಲು ತಟ್ಟುವುದಿಲ್ಲ, ನಮಗೆ ಫೋನ್ ಮಾಡುತ್ತಾರೆ. ದೂರೆಲ್ಲ ಶಬ್ದದ್ದೇ. ಅವರ ಟಿವಿ ಜೋರು, ಇವರ ಪಂಪು ಗೊರಗುಟ್ಟುತ್ತೆ, ಮೇಲಿನವರು ಕುರ್ಚಿ ಎಳೀತಾರೆ. ಇದರಲ್ಲಿ ಎತ್ತಿದ ಕೈ ಎಂದರೆ ಒಬ್ಬರು ನಿವೃತ್ತ ಯಜಮಾನರು. ಠಾಣೆಯಲ್ಲಿ ಅವರಿಗೆ ನಾವಿಟ್ಟ ಹೆಸರು ದೂರಿನ ತಾತ.

ನಿನ್ನೆ ಮಧ್ಯಾಹ್ನವೂ ಅವರದ್ದೇ ಫೋನು. ಎದುರುಮನೆ ರಿಪೇರಿ ನಡೀತಿದೆ, ಡ್ರಿಲ್ಲಿಂಗ್ ಮಷೀನು ತಲೆ ಕೊರೀತಿದೆ, ಬರ್ತೀರೋ ಇಲ್ವೋ ಅಂತ. ನಮ್ಮ ಹಿರಿಯ ಪೇದೆಯವರನ್ನು ಕರೆದುಕೊಂಡು ಜೀಪಿನಲ್ಲಿ ಹೋದೆ. ಸುಡುಬಿಸಿಲು. ನೆರಳಿತ್ತೆಂದು ರಿಪೇರಿ ಮನೆಯ ಪಕ್ಕದ ಗೇಟಿಗೇ ಜೀಪು ಹಚ್ಚಿ ನಿಲ್ಲಿಸಿದೆವು. ಕೆಲಸದವರಿಗೆ ಸದ್ದು ಸ್ವಲ್ಪ ಕಡಿಮೆ ಮಾಡ್ರಪ್ಪ ಅಂತ ಹೇಳಿ ಹೊರಡುವಷ್ಟರಲ್ಲಿ, ಆ ಗೇಟಿನಿಂದಲೇ ಒಬ್ಬ ಅಜ್ಜಿ ಬಾಯಿ ಬಡಿದುಕೊಳ್ಳುತ್ತಾ ಓಡಿಬಂದರು. ನಾಲ್ಕು ವರ್ಷದ ಮೊಮ್ಮಗಳು ಕಾಣುತ್ತಿಲ್ಲ. ಊಟಕ್ಕೆ ಕೂತಿದ್ದವಳು ಅಜ್ಜಿ ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಮಾಯ. ಹಿಂಬಾಗಿಲು ಹಾರು ಹೊಡೆದಿತ್ತು.

ಕಲಿತದ್ದನ್ನೆಲ್ಲ ಮಾಡಿದೆವು. ಇನ್ನಷ್ಟು ಜನರನ್ನು ಕರೆಸಿದೆ. ನೀರಿನ ತೊಟ್ಟಿಗಳ ಮುಚ್ಚಳ ತೆಗೆಸಿದೆ. ನಿಂತಿದ್ದ ಕಾರುಗಳ ಗಾಜಿಗೆ ಹಣೆ ಒತ್ತಿ ಒಳಗೆ ನೋಡಿದೆ. ಅಂಥ ಬಿಸಿಲಲ್ಲಿ ಮುಚ್ಚಿದ ಜಾಗದಲ್ಲಿ ಮಗು ಸಿಕ್ಕಿಬಿದ್ದರೆ ಹೆಚ್ಚು ಹೊತ್ತು ಉಳಿಯುವುದಿಲ್ಲ, ಅದು ನನಗೆ ಗೊತ್ತಿತ್ತು. ಜೀಪು ಸೈರನ್ ಹಾಕಿಕೊಂಡು ಬೀದಿ ಬೀದಿ ಸುತ್ತಿತು. ನಾನೇ ಮೈಕು ಹಿಡಿದು ಕೂಗಿದೆ, ಪುಟ್ಟೀ, ಪೊಲೀಸ್ ಬಂದಿದ್ದೀವಿ, ಎಲ್ಲಿದ್ರೂ ಹೊರಗೆ ಬಾ ಅಂತ. ಎಷ್ಟು ಕೂಗಿದರೂ ಎಲ್ಲೂ ಮಗುವಿನ ಸುಳಿವಿಲ್ಲ.

ಅಜ್ಜಿ ಜಗುಲಿಯಲ್ಲಿ ಕುಸಿದು ಕೂತಿದ್ದರು. ನಾನು ಪಕ್ಕದಲ್ಲಿ ಕೂತು, ಊಟದ ಹೊತ್ತಲ್ಲಿ ಏನಾಯ್ತು ಹೇಳಿ ಅಮ್ಮ ಅಂದೆ. ಮೊದಲು ಏನೂ ಇಲ್ಲ ಅಂದರು. ಆಮೇಲೆ ನನ್ನ ಟೋಪಿ ನೋಡಿದರು, ಸುತ್ತಿ ಬಂದು ಗೇಟಿನಲ್ಲಿ ನಿಂತಿದ್ದ ಜೀಪು ನೋಡಿದರು, ಸೆರಗು ಬಾಯಿಗೆ ತುರುಕಿಕೊಂಡು ಅಳತೊಡಗಿದರು. ಊಟ ಮಾಡದಿದ್ರೆ ಪೊಲೀಸ್ ಬಂದು ಹಿಡ್ಕೊಂಡು ಹೋಗ್ತಾರೆ ಅಂದಿದ್ದೆ ಕಣಮ್ಮಾ, ದಿನಾ ಅಂತೀನಿ, ಹಾಳಾದ್ದು ಇವತ್ತು ನೀವು ನಿಜವಾಗ್ಲೂ ಬಂದುಬಿಟ್ರಿ ಅಂದರು.

ಮಗು ಕಳೆದುಹೋಗಿರಲಿಲ್ಲ. ನಮ್ಮಿಂದ ತಪ್ಪಿಸಿಕೊಂಡಿತ್ತು. ನಾವು ಕೂಗಿದಷ್ಟೂ ಅದು ಮುದುಡಿ ಕೂರುತ್ತಿತ್ತು. ನೀನೂ ನನಗೆ ಹಾಗೇ ಹೇಳುತ್ತಿದ್ದೆ, ನೆನಪಿದೆಯಾ? ನಾನು ತಟ್ಟೆ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದೆ, ಯಾರೂ ಬರಲಿಲ್ಲ, ಕೊನೆಗೆ ನಾನೇ ಪೊಲೀಸಾದೆ. ಎಲ್ಲಾ ಮಕ್ಕಳೂ ನನ್ನಂಥ ಭಂಡರಲ್ಲಮ್ಮ.

ಅತ್ತರೆ ಇವಳಿಗೆ ಬಿಕ್ಕಳಿಕೆ ಶುರುವಾಗುತ್ತೆ, ಬೇಗ ನಿಲ್ಲೋದಿಲ್ಲ ಅಂತ ಅಜ್ಜಿಯೇ ಹೇಳಿದರು. ಸರಿ, ಕರೆದರೆ ಬರದವಳನ್ನು ಕೇಳಿಸಿಕೊಂಡಾದರೂ ಹುಡುಕೋಣ ಎನ್ನಿಸಿತು. ಸೈರನ್ ನಿಲ್ಲಿಸಿ ಜೀಪನ್ನು ದೂರ ಕಳಿಸಿದೆ. ನಮ್ಮವರು ಮನೆಮನೆಗೆ ಹೋಗಿ ಕೈಮುಗಿದು ಕೇಳಿಕೊಂಡರು. ಎಲ್ಲಾ ಆಫ್ ಮಾಡಿ, ಮಾತಾಡಬೇಡಿ, ಒಂದು ಮಗುವಿನ ಉಸಿರು ಕೇಳಬೇಕು.

ಈ ಜನ ಕೇಳುತ್ತಾರೆಂದು ನನಗೆ ನಂಬಿಕೆಯೇ ಇರಲಿಲ್ಲ. ಆದರೆ ಅಮ್ಮಾ, ಏನು ಹೇಳಲಿ! ಮೊದಲು ಡ್ರಿಲ್ಲಿಂಗ್ ನಿಂತಿತು. ಪಂಪುಗಳು ನಿಂತವು. ಟಿವಿಗಳು, ಮಿಕ್ಸಿಗಳು, ಫ್ಯಾನುಗಳು. ಬೀದಿ ತುದಿಯಲ್ಲಿ ಬರುತ್ತಿದ್ದ ಬೈಕಿನವನು ಎಂಜಿನ್ ಆರಿಸಿ ತಳ್ಳಿಕೊಂಡೇ ಬಂದ. ಜನ ಒಬ್ಬೊಬ್ಬರೇ ಗೇಟಿಗೆ ಬಂದು ನಿಂತರು. ದೂರಿನ ತಾತ ಚಪ್ಪಲಿ ಸದ್ದಾಗುತ್ತದೆಂದು ಕೈಯಲ್ಲಿ ಹಿಡಿದು, ಕಾದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಂತಿದ್ದರು. ಕೆಮ್ಮು ಬಂದರೆ ಟವೆಲು ಬಾಯಿಗೊತ್ತಿಕೊಳ್ಳುತ್ತಿದ್ದರು. ಒಬ್ಬರ ಸದ್ದು ಇನ್ನೊಬ್ಬರಿಗೆ ಆಗದ ಅಷ್ಟೂ ಮನೆಗಳು ಒಂದು ಕೂಸಿಗಾಗಿ ಒಟ್ಟಿಗೆ ಉಸಿರು ಬಿಗಿಹಿಡಿದು ನಿಂತವು. ನನ್ನ ಮೈಯೆಲ್ಲ ಜುಮ್ಮೆಂದಿತು. ದೇವರ ಮುಂದೆ ನಿಂತಾಗಲೂ ನನಗೆ ಹಾಗಾಗಿಲ್ಲ, ಬೈಯಬೇಡ.

ಆ ನಿಶ್ಶಬ್ದದಲ್ಲಿ ಬಂತು. ಹಿಕ್. ಸ್ವಲ್ಪ ಬಿಟ್ಟು ಮತ್ತೆ, ಹಿಕ್.

ರಿಪೇರಿ ಮನೆಯ ಹಿತ್ತಲಲ್ಲಿ, ಗ್ಯಾಸ್ ಸಿಲಿಂಡರ್ ಇಡುವ ತಗಡಿನ ಗೂಡು. ರಿಪೇರಿಗೆಂದು ಖಾಲಿ ಮಾಡಿದ್ದರು. ಮಗು ಒಳಹೊಕ್ಕು ಬಾಗಿಲೆಳೆದುಕೊಂಡಾಗ ಹೊರಗಿನ ಚಿಲಕ ತಾನೇ ಬಿದ್ದಿತ್ತು. ಹೊರಗಿಂದ ಚಿಲಕ ಬಿದ್ದಿದೆಯಲ್ಲ ಎಂದು ನಮ್ಮ ಪೇದೆಯವರು ಅದನ್ನು ದಾಟಿ ಹೋಗಿದ್ದರು. ಮುಟ್ಟಿದರೆ ತಗಡು ಕೈ ಸುಡುತ್ತಿತ್ತು.

ಚಿಲಕಕ್ಕೆ ಕೈಹಾಕಿದವಳು ತಡೆದೆ. ಟೋಪಿ ತೆಗೆದೆ. ಅಲ್ಲಿದ್ದ ಹೆಂಗಸೊಬ್ಬರು ನನ್ನ ಮನಸ್ಸು ತಿಳಿದವರಂತೆ ತಮ್ಮ ದುಪಟ್ಟಾ ಕೊಟ್ಟರು. ಯೂನಿಫಾರ್ಮ್ ಮುಚ್ಚುವಂತೆ ಹೊದ್ದು, ನೆಲದ ಮೇಲೆ ಕೂತು ಬಾಗಿಲು ತೆಗೆದೆ. ಬೆವರಲ್ಲಿ ತೊಯ್ದು, ಮುಖ ಕೆಂಪಗಾಗಿ, ಮಂಡಿ ಅಪ್ಪಿ ಕೂತಿತ್ತು. ಅಷ್ಟು ಹೊತ್ತು ಆ ಬೇಗೆ ತಡೆದುಕೊಂಡ ಜೀವ ಅದು! ಕಣ್ಣೆತ್ತಿ ನನ್ನನ್ನು ನೋಡಿ ಪಿಸುಗುಟ್ಟಿತು, ಪೊಲೀಸ್ ಹೋದ್ರಾ ಅಂತ.

ಹೋದ್ರು ಪುಟ್ಟಿ ಅಂದೆ.

ನಾನು ಊಟ ಮಾಡ್ತೀನಿ ಅಂದಿತು. ನೀರು ಕುಡಿಸಿ ಎತ್ತಿಕೊಂಡೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಮಗು ಬೆದರೀತು ಎಂದು. ತಾತ ಮಾತ್ರ ಗೇಟಿನಲ್ಲಿ ನಿಂತು ಅಳುತ್ತಿದ್ದರು, ಅದೂ ಸದ್ದಿಲ್ಲದೆ. ಡಾಕ್ಟರು ಸಂಜೆಯೇ ಭಯವಿಲ್ಲ ಅಂದರು. ಈಗ ಮಗು ಅಜ್ಜಿಯ ತೊಡೆ ಬಿಟ್ಟು ಇಳಿಯುತ್ತಿಲ್ಲವಂತೆ.

ನಿನ್ನೆಯಿಂದ ಕಿವಿಯಲ್ಲಿ ಆ ನಿಶ್ಶಬ್ದವೇ ತುಂಬಿದೆ. ಈ ಕೆಲಸ ಏನು ಕೊಟ್ಟಿತು ಅಂತ ಕೇಳುತ್ತಿದ್ದೆಯಲ್ಲ, ಇದನ್ನು ಕೊಟ್ಟಿತು ನೋಡಮ್ಮ. ಮಾತ್ರೆ ಮರೆಯಬೇಡ.

ಇಲ್ಲಿ ಮೇಡಂ ಅನ್ನಿಸಿಕೊಂಡರೂ ನಿನಗೆ ಹೆದರುವ,
ನಿನ್ನ ಮಗಳು

ಮರೆತೆ ಅಂದುಕೊಳ್ಳಬೇಡ, ಇದನ್ನು ಬರೆಯಲೆಂದೇ ಕಾಗದ ಶುರು ಮಾಡಿದ್ದು. ಹೋದ ತಿಂಗಳು ಡ್ಯೂಟಿ ಮುಗಿಸಿ ನೇರ ನಿನ್ನ ಮನೆಗೆ ಬಂದಾಗ ನನ್ನ ಮಗಳು ಮಂಚದ ಕೆಳಗೆ ಸೇರಿಕೊಂಡಳು. ಕಣ್ಣಾಮುಚ್ಚಾಲೆ ಆಡ್ತಿದ್ದಾಳೆ ಬಿಡು ಅಂದೆ ನೀನು. ನಾನೂ ನಂಬಿದವಳ ಹಾಗೆ ನಕ್ಕೆ. ನಾನು ಬಟ್ಟೆ ಬದಲಿಸಿ ಬಂದ ಮೇಲೇ ಅವಳು ಈಚೆ ಬಂದದ್ದು. ಈ ಭಾನುವಾರ ಯೂನಿಫಾರ್ಮ್‌ನಲ್ಲೇ ಬರುತ್ತೇನೆ ಅಮ್ಮ. ಪೊಲೀಸ್ ಬರ್ತಾರೆ ಅಂತ ಅವಳಿಗೆ ಮೊದಲೇ ಹೇಳಿಡು. ಊಟ ಮಾಡಿದ್ರೂ ಬರ್ತಾರೆ, ಮಾಡದಿದ್ರೂ ಬರ್ತಾರೆ, ಅವರು ನಿನ್ನ ಅಮ್ಮ ಅಂತ ಹೇಳು.