ನೋಡೋಣ ಎಂದದ್ದು

ಮಾರ್ಚ್ 9, ಸೋಮವಾರ
ಬ್ಯಾಟರಿ ಅಂಗಡಿ

ಟೀಚರಮ್ಮನವರಿಗೆ ನಮಸ್ಕಾರ.

ತೀರಿಕೊಂಡ ನಿಮ್ಮ ಮಗನ ಕಾರಿನ ಬ್ಯಾಟರಿಯನ್ನು ನೀವು ರಿಪೇರಿಗೆ ಕೊಟ್ಟು ಹನ್ನೊಂದು ದಿನವಾಯಿತು. ಕೆಲವು ಬ್ಯಾಟರಿಗಳು ನಿಧಾನವಾಗಿ ಚಾರ್ಜ್ ಮಾಡಿದರೆ ಚೇತರಿಸಿಕೊಳ್ಳುತ್ತವೆ. ಇದರ ನೀರು ಕಪ್ಪಾಗಿತ್ತು. ಒಳಗಿನ ಫಲಕಗಳು ಉದುರಿದ್ದವು. ಮೊದಲ ದಿನವೇ ಕಂಡಿದ್ದೆ.

ಆದರೂ "ನೋಡೋಣ" ಎಂದೆ. ನಮ್ಮ ಅಂಗಡಿಯಲ್ಲಿ ಹಾಗೆಂದರೆ ಆಗುವುದಿಲ್ಲವೆಂದು ಅರ್ಥ. ನೀವು ಅದನ್ನೇ ನಂಬಿ ದಿನಾ ಬಂದಿರಿ. ನಿನ್ನೆ ನನ್ನ ಹೆಂಡತಿಗೆ, "ಅವನೇ ಕೈಯಾರೆ ಕೂರಿಸಿದ್ದು ಕಣಮ್ಮಾ, ಅದರಿಂದಲೇ ಗಾಡಿ ಒಂದ್ಸಲ ಸದ್ದು ಮಾಡಿದ್ರೆ ಸಾಕು" ಎಂದಿರಂತೆ. "ಇಲ್ಲ ಅನ್ನೋಕೆ ನಿಮ್ಮ ಬಾಯಿಗೂ ಚಾರ್ಜ್ ಹಾಕ್ಬೇಕಾ?" ಎಂದು ಅವಳು ನನ್ನನ್ನು ಬೈದಳು.

ಇಲ್ಲ, ಅಮ್ಮಾ. ಇದು ಆಗುವುದಿಲ್ಲ. ಕ್ಷಮಿಸಿ.

ಗುಜರಿಗೆ ಹಾಕುವುದಿಲ್ಲ. ನಾಳೆ ಆಮ್ಲ ತೆಗೆದು, ಮುಚ್ಚಳದ ಮೇಲೆ ನಿಮ್ಮ ಮಗ ಕೂರಿಸಿದ ದಿನ ಬರೆದ ತಾರೀಖು ಅಳಿಯದಂತೆ ತೊಳೆದು, ನಾನೇ ಮನೆಗೆ ತಂದುಕೊಡುತ್ತೇನೆ.

ಇಂತಿ,
ಬ್ಯಾಟರಿಯವನು