ಚೆಂಡಿಯಾದ ತಿರುವು

ಬಾಳೆಗುಳಿ, ಅಂಕೋಲಾ
೪ ಡಿಸೆಂಬರ್ ೨೦೨೫, ಗುರುವಾರ

ಪ್ರೀತಿಯ ಗಾಯತ್ರಿಗೆ,

ನಿನ್ನ ಮಂಡಿ ಹೇಗಿದೆ? ಮಡಗಾಂವದ ಆ ಮನೆಯ ಮೆಟ್ಟಿಲು ಹತ್ತಿ ಇಳಿದು ಊದಿಸಿಕೊಂಡಿರುತ್ತೀ, ಕೇಳಿದರೆ ಏನೂ ಇಲ್ಲ ಎನ್ನುತ್ತೀ. ನಾಗಶ್ರೀ ಹೊಟ್ಟೆ ತುಂಬ ಉಣ್ಣುತ್ತಾಳೋ? ಮೊಮ್ಮಗಳು ಮಲಗಲು ಬಿಡುತ್ತಾಳೋ? ಇಷ್ಟು ವರ್ಷದ ಮೇಲೆ ಗಂಡ ಪತ್ರ ಬರೆದನೆಂದು ನಗಬೇಡ. ಫೋನಿನಲ್ಲಿ ನೀನು ಹೇಳುವುದು ನನಗೆ ಅರ್ಧ ಕೇಳುವುದಿಲ್ಲ, ನಾನು ಹೇಳುವುದನ್ನು ಮಗಳು ಪಕ್ಕದಲ್ಲೇ ಕೂತು ಪೂರ್ತಿ ಕೇಳುತ್ತಾಳೆ. ಬಾಣಂತಿಗೆ ಈ ಸುದ್ದಿ ಬೇಡ. ಗೋವಾಕ್ಕೆ ತರಕಾರಿ ಒಯ್ಯುವ ಕಾಶಿಯ ಕೈಯಲ್ಲಿ ಕಳಿಸುತ್ತಿದ್ದೇನೆ, ನಿನ್ನ ಕೈಗೇ ಕೊಡಲು ಹೇಳಿದ್ದೇನೆ.

ಹೋದ ಶುಕ್ರವಾರ ಸಂಜೆ ಇಲ್ಲಿಯ ಟೈರ್ ಅಂಗಡಿಯನ್ನು ನಮ್ಮ ಕೆಲಸದ ಹುಡುಗ ನಿತೇಶನಿಗೆ ಬಿಟ್ಟು, ಪೇಟೆಯಲ್ಲಿ ಬಂಗಡೆ ಕೊಂಡು, ಮನೆಗೆಂದು ಓಮ್ನಿ ಹತ್ತಿದೆ. ಆ ಹೆದ್ದಾರಿಯಲ್ಲಿ ಕೈಯೇ ಗಾಡಿ ಓಡಿಸುತ್ತದೆ, ತಲೆಗೆ ಕೆಲಸವಿಲ್ಲ. ಅಮದಳ್ಳಿಯ ನಮ್ಮ ಕಾಲನಿ ಬಂದದ್ದು ಗೊತ್ತಾಗಲಿಲ್ಲ, ದಾಟಿದ್ದೂ ಗೊತ್ತಾಗಲಿಲ್ಲ. ಚೆಂಡಿಯಾದಲ್ಲಿ ಎಡಕ್ಕೆ, ಸಮುದ್ರದ ಕಡೆ ತಿರುಗಿಸಿದೆ. ನೇವಿಯವರ ಗೇಟು ಅಡ್ಡ ಬಂತು. ತೆಗೆಯಲಿ ಎಂದು ಹಾರ್ನ್ ಹೊಡೆದೆ. ಬಂದೂಕು ಹಿಡಿದವನು ಹತ್ತಿರ ಬಂದು, "ಬಾಬಾ, ಇಧರ್ ಕಿಸೀಕಾ ಘರ್ ನಹೀ ಹೈ" ಎಂದ. ಇಲ್ಲಿ ಯಾರ ಮನೆಯೂ ಇಲ್ಲವಂತೆ. ಅವನದೇನು ತಪ್ಪು? ನಮ್ಮ ಮನೆ, ಬಾವಿ, ಆಯಿ ನೆಟ್ಟ ಹಲಸು ಎಲ್ಲ ನೇವಿಯ ಆ ಬೇಲಿಯೊಳಗೆ ಸೇರಿ ನಾವು ಕಾಲನಿಗೆ ಬರುವಾಗ ಅವನು ಹುಟ್ಟಿಯೂ ಇರಲಿಕ್ಕಿಲ್ಲ. ದಾರಿ ತಪ್ಪಿತು ಎಂದು ಹೇಳಿ ವಾಪಸ್ ತಿರುಗಿದೆ. ಮನೆಗೆ ಬಂದು ಬಂಗಡೆಯನ್ನು ತೊಳೆಯದೆ ಹಾಗೇ ಫ್ರಿಜ್ಜಿನಲ್ಲಿಟ್ಟು ಮಲಗಿದೆ.

ಅಂದಿನಿಂದ ಕಣ್ಣು ಮುಚ್ಚಿದರೆ ಆಯಿಯೇ ಕಾಣುತ್ತಾಳೆ. ಕೊನೆಕೊನೆಗೆ ದಿನಾ ಸಂಜೆ ಚೀಲ ಹಿಡಿದು ಹೊಸ್ತಿಲ ಮೇಲೆ ಕೂರುತ್ತಿದ್ದಳಲ್ಲ, "ಮನಿಗೆ ಹೋಗ್ವಾ ಮಗಾ, ದೀಪ ಹಚ್ಚೂ ಹೊತ್ತಾಯ್ತು" ಎಂದು. ಇದೇ ಮನೆ ಎಂದು ನಾನು ವಾದಿಸಿ ಸೋತೆ. ನೀನು ವಾದಿಸಲೇ ಇಲ್ಲ. ಕೈ ಹಿಡಿದು ಕಾಲನಿಗೆ ಒಂದು ಸುತ್ತು ಹಾಕಿಸಿ, ನಮ್ಮ ಬಾಗಿಲಿಗೇ ತಂದು, "ಆಯೀ, ಚೆಂಡಿಯಾ ಬಂತು" ಎನ್ನುತ್ತಿದ್ದೆ. ಅವಳು ಒಳಗೆ ಬಂದು ದೀಪ ಹಚ್ಚುತ್ತಿದ್ದಳು. ನಾನು ಅವಳ ಮಗ. ಮೂಗು ಅವಳದೇ ಎಂದು ನೀನೇ ಹೇಳುತ್ತಿದ್ದೆ. ಮೂಗಿನ ಜೊತೆ ಇನ್ನೇನೇನು ಕೊಟ್ಟು ಹೋಗಿದ್ದಾಳೋ.

ತಲೆ ಸ್ವಲ್ಪ ಮಂದವಾಗಿದೆ ಎಂದು ಬಾಯಿ ಬಿಟ್ಟದ್ದೇ ತಡ, ಬಾಳೆಗುಳಿ ಕ್ರಾಸಿನವರೆಲ್ಲ ವೈದ್ಯರಾದರು. ಸೊಪ್ಪು ಮಾರುವ ಬೊಮ್ಮು ಒಂದೆಲಗದ ಕಟ್ಟು ತಂದು, "ಮಧುಕರಣ್ಣಾ, ದಿನಾ ತಂಬುಳಿ ಮಾಡ್ಕೊಂಡು ಉಣ್ಣಿ, ನಾ ಕಟ್ಟು ಕೊಟ್ಟದ್ದು ನೆನಪಿದ್ರೆ ಸಾಕು" ಎಂದು ಕುಟುಕಿದಳು. ಒಬ್ಬ ಅಕ್ರೋಟು ಎಂದ, ಇನ್ನೊಬ್ಬ ಪೇಪರಿನ ಪದಬಂಧ ಎಂದ. ಎಲ್ಲವನ್ನೂ ಮಾಡುತ್ತಿದ್ದೇನೆ. ಹೆದರಿದವನು ಗಿರಾಕಿಯಾದರೆ ಏನು ಕೊಟ್ಟರೂ ಕೊಳ್ಳುತ್ತಾನೆಂದು ನನಗೆ ಯಾರೂ ಕಲಿಸಬೇಕಿಲ್ಲ.

ಮಂಗಳವಾರ ನಿತೇಶ ಬಲವಂತವಾಗಿ ಕಾರವಾರಕ್ಕೆ ಕರೆದೊಯ್ದ. ಡಾಕ್ಟರ್ ನಿಶಾ, ನಮ್ಮ ನಾಗಶ್ರೀಯ ವಯಸ್ಸು. ಕಮಲ, ಕುರ್ಚಿ, ದೋಣಿ, ಇಷ್ಟನ್ನು ನೆನಪಿಡಿ ಎಂದಳು. ನಾನು ಪಂಕ್ಚರ್ ಪೆಟ್ಟಿಗೆಯಿಂದ ಟೈರ್ ಅಂಗಡಿಯವರೆಗಿನ ನನ್ನ ಪುರಾಣ ಶುರು ಮಾಡಿದೆ. ಮುಗಿಯುವತನಕ ಕೇಳಿ, ನಗುತ್ತಲೇ, ಈಗ ಆ ಶಬ್ದ ಹೇಳಿ ಎಂದಳು. ದೋಣಿಯೊಂದೇ ಉಳಿದಿತ್ತು. ರೋಗಕ್ಕೆ ಯಾವ ಹೆಸರೂ ಇಡಲಿಲ್ಲ ಅವಳು. ರಕ್ತ ಪರೀಕ್ಷೆ, ಸ್ಕ್ಯಾನ್ ಆಗಬೇಕು; ಬಿಪಿ ಏರಿದೆ; ಕಿವಿ ಬಹಳ ದಿನದಿಂದ ಕೆಟ್ಟಿದೆ, ಕೇಳದ ಕಿವಿ ತಲೆಯನ್ನೂ ಸೋಮಾರಿ ಮಾಡುತ್ತದೆ, ಮಶೀನು ಹಾಕಿಸಿ ಎಂದಳು. ನಡೆಯಬೇಕಂತೆ, ಸರಿಯಾಗಿ ಮಲಗಬೇಕಂತೆ, ಜನರ ಜೊತೆ ಬೆರೆತು ಅವರ ಮಾತನ್ನೂ ಕೇಳಬೇಕಂತೆ. ನನಗೆ ತಿಳಿದದ್ದು ಇಷ್ಟು: ಸವೆದ ಟೈರು ಹೊಸದಾಗುವುದಿಲ್ಲ, ಗಾಳಿ ಸರಿಯಾಗಿಟ್ಟರೆ ಮುಂದಿನ ಸವೆತ ನಿಧಾನ. ಕಿವಿಗೆ ಅಳತೆ ಕೊಟ್ಟು ಬಂದಿದ್ದೇನೆ. ಇಷ್ಟು ದಿನ ನೀನು ಹೇಳಿ ಹೇಳಿ ಸೋತದ್ದಕ್ಕೆ ಈಗ ಒಪ್ಪಿದ್ದೇನೆ.

ಉಳಿದದ್ದು ಭಾನುವಾರದ ಯೋಚನೆ. ಅಳಿಯ ರೂಪೇಶ ತಾನೇ ತಂದು ಬಿಡುತ್ತೇನೆಂದಾಗ, ಬಾಣಂತಿ ಬರುವುದು ತವರಿನ ಗಾಡಿಯಲ್ಲೇ, ಮೊದಲ ಮೊಮ್ಮಗಳನ್ನು ತರುವಾಗ ಸ್ಟೇರಿಂಗ್ ಅಜ್ಜನ ಕೈಯಲ್ಲೇ ಎಂದು ಬೀಗರ ಮುಂದೆ ಭಾಷಣ ಬಿಗಿದವನು ನಾನು. ಕಾಣಕೋಣದ ಘಾಟಿ ದಾಟಬೇಕು. ಹಿಂದೆ ನೀನು, ಮಗಳು, ಆ ಕೂಸು. ಹಗಲಿನ ದಾರಿ, ಏನೂ ಆಗಲಿಕ್ಕಿಲ್ಲ ಎಂದು ಬೆಳಿಗ್ಗೆ ಅನಿಸುತ್ತದೆ. ಸಂಜೆಯಾದರೆ ಆ ಗೇಟು ಕಾಣುತ್ತದೆ.

ತೊಟ್ಟಿಲು ಒರೆಸಿಟ್ಟಿದ್ದೇನೆ, ಬಚ್ಚಲ ಒಲೆಗೆ ಸೌದೆ ತರಿಸಿದ್ದೇನೆ. ಬೀಗರಿಗೆ ನಮಸ್ಕಾರ ತಿಳಿಸು. ನಾಗಶ್ರೀಗೂ ಕೂಸಿಗೂ ನನ್ನ ಆಶೀರ್ವಾದ. ಮಂಡಿಗೆ ಎಣ್ಣೆ ಹಚ್ಚಿಕೋ.

ನಿನ್ನ,
ಮಧುಕರ

ತಾ.ಕ.: ಕಾಶಿ ಹಾರ್ನ್ ಹೊಡೆಯುತ್ತಿದ್ದಾನೆ. ದಾರಿ ತಪ್ಪಿತು ಎಂದು ಮೇಲೆ ಬರೆದದ್ದು ಸುಳ್ಳು. ಆಯಿ ಮೀನಿಗೆ ಕಾಯುತ್ತಿದ್ದಾಳೆ, ಗೇಟು ತೆಗೆ ಎಂದು ಆ ಗೇಟಿನವನ ಜೊತೆ ಜಗಳ ಮಾಡಿದೆ. ಗಾಡಿಯ ಕೀಲಿ ಈಗಷ್ಟೇ ನಿತೇಶನಿಗೆ ಕೊಟ್ಟೆ. ಭಾನುವಾರ ಅವನು ಓಡಿಸುತ್ತಾನೆ, ನಾನು ಪಕ್ಕದಲ್ಲಿ ಕೂತು ಬರುತ್ತೇನೆ. ಅಲ್ಲಿ ಬೀಗರೆದುರು ನನಗೆ ಮಾನ ಅಡ್ಡ ಬಂದು ಕೀಲಿ ಕೇಳಿಯೇ ಕೇಳುತ್ತೇನೆ, ನಗಿಸಿ, ಗದರಿಸಿ, ನೀವೆಲ್ಲ ಒಪ್ಪುವ ಹಾಗೆ ಮಾತಾಡುತ್ತೇನೆ. ಎಷ್ಟು ಚೆನ್ನಾಗಿ ಮಾತಾಡಿದರೂ ಕೊಡಬೇಡ.