ನಲವತ್ತೊಂದನೇ ಪುಟದ ಅಕ್ಕ

ಹುಫೂಫ್, ಅಲ್ ಅಹ್ಸಾ, ಸೌದಿ ಅರೇಬಿಯಾ
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಅಖಿಲೇಶನಿಗೆ,

ವಿನೋದಕ್ಕನ ಆಶೀರ್ವಾದಗಳು. ಹೇಗಿದ್ದೀಯಾ? ಗ್ಯಾಸ್ಟ್ರಿಕ್ ಕಡಿಮೆಯಾಯಿತೇ? ಬೆಳಿಗ್ಗೆ ಖಾಲಿ ಹೊಟ್ಟೆಗೆ ಚಹಾ ಸುರಿದುಕೊಳ್ಳಬೇಡ ಎಂದು ಎಷ್ಟು ಸಲ ಹೇಳಿದ್ದೇನೋ, ಲೆಕ್ಕವಿಲ್ಲ. ಊರವರಿಗೆಲ್ಲ ನರ್ಸಮ್ಮನ ಮಾತು ಬೇಕು, ಮನೆಯವರಿಗೆ ಮಾತ್ರ ಬೇಡ. ಟಿವಿಯ ಚರ್ಚೆಯಲ್ಲಿ ನಿನ್ನನ್ನು ನೋಡಿದೆ. ಕೆನ್ನೆ ಇಳಿದಿದೆ, ಕೋಟು ಮಾತ್ರ ಚೆನ್ನಾಗಿತ್ತು. ಇಲ್ಲಿ ಸೆಕೆ ಹೋಯಿತು, ನನ್ನ ಮಂಡಿನೋವು ಹೋಗಲಿಲ್ಲ. ಫೋನ್ ಮಾಡಿದರೆ ‘ಮೀಟಿಂಗಲ್ಲಿದ್ದೇನೆ ಅಕ್ಕ’ ಎನ್ನುತ್ತೀ, ವಾಟ್ಸಾಪ್‌ನಲ್ಲಿ ಬರೆದರೆ ಒಂದು ಹೆಬ್ಬೆರಳು ಕಳಿಸಿ ಕೈ ತೊಳೆದುಕೊಳ್ಳುತ್ತೀ. ಅದಕ್ಕೇ ಈ ಕಾಗದ. ನಮ್ಮ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್, ಬಾವ ಎಂದು ಅವನ ಹೆಸರು, ಇವತ್ತು ರಜೆಯಲ್ಲಿ ಊರಿಗೆ ಹೊರಟಿದ್ದಾನೆ, ಮಂಗಳೂರಿನಲ್ಲಿ ಸ್ಪೀಡ್ ಪೋಸ್ಟಿಗೆ ಹಾಕುತ್ತಾನೆ. ತುಳುವಿನಲ್ಲೇ ಬೈಯಬೇಕೆಂದಿದ್ದೆ. ಕನ್ನಡದಲ್ಲಿ ಬರೆದರೆ ನಮ್ಮಿಬ್ಬರ ಮರ್ಯಾದೆ ಸ್ವಲ್ಪವಾದರೂ ಉಳಿಯುತ್ತದೆ ಎಂದು ಸುಮ್ಮನಾದೆ.

ನಿನ್ನನ್ನು ಟಿವಿಯಲ್ಲಿ ತೋರಿಸಿದವನೂ ಈ ಬಾವನೇ. ಉಳ್ಳಾಲದವನು, ಊರಿನ ಸುದ್ದಿಯನ್ನೆಲ್ಲ ಮೊಬೈಲಿನಲ್ಲಿ ಅರೆದು ಕುಡಿಯುತ್ತಾನೆ. “ಸಿಸ್ಟರೇ, ಇದು ನಿಮ್ಮ ತಮ್ಮ ಅಲ್ವಾ? ದೊಡ್ಡ ಜನ ಆಗಿದ್ದಾನೆ ಮಾರ್ರೆ!” ಎಂದು ವಾರ್ಡಿನ ಬಾಗಿಲಿಗೇ ಬಂದ. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ? ಕುಟುಂಬ ನೀತಿ ಪ್ರತಿಷ್ಠಾನದ ಹಿರಿಯ ಸಂಶೋಧಕ ಎಂದು ನಿನ್ನ ಹೆಸರಿನ ಕೆಳಗೆ ಬರುತ್ತಿತ್ತು, ಎಲ್ಲ ಸಿಸ್ಟರುಗಳಿಗೂ ತೋರಿಸಿದೆ. ನೀವು ಸರ್ಕಾರಕ್ಕೆ ಕೊಟ್ಟ ವರದಿಯನ್ನು ಹುಡುಕಿ ತೆಗೆದು ಊಟದ ಬಿಡುವಿನಲ್ಲಿ ಓದತೊಡಗಿದೆ. ‘ಮನೆಯೇ ಮೊದಲ ಆಸರೆ’. ಮಲ್ಪೆಯಲ್ಲಿ ಮೀನು ಮಾರುವವಳ ಮಗ ಎಷ್ಟು ಚೆಂದ ಬರೆಯುತ್ತಾನೆ ಎನಿಸಿತು. ಸರ್ಕಾರ ಕುಟುಂಬದ ಜಾಗದಲ್ಲಿ ಕೂರಬಾರದು ಎಂದು ಬರೆದಿದ್ದೀರಿ. ವಿಶೇಷಚೇತನರನ್ನು ಹಗಲು ಪಾಲನಾ ಕೇಂದ್ರಗಳಿಗೆ ಒಪ್ಪಿಸುತ್ತಾ ಹೋದರೆ ಮನೆಯ ಬಾಂಧವ್ಯ ಸಡಿಲವಾಗುತ್ತದೆ. ಇಪ್ಪತ್ತೈದಕ್ಕಿಂತ ಕಡಿಮೆ ಜನರಿರುವ ಕೇಂದ್ರಗಳನ್ನು ಮುಚ್ಚಿ ಜವಾಬ್ದಾರಿಯನ್ನು ಮನೆಗಳಿಗೆ ಮರಳಿಸಬೇಕು. ನಮ್ಮ ಶರ್ಮಿಳಾ ಹೋಗುವ ಕೇಂದ್ರದಲ್ಲಿ ಹದಿನೇಳು ಜನ ಎಂದು ಲೆಕ್ಕ ಹಾಕುತ್ತಿರುವಾಗಲೇ ನಲವತ್ತೊಂದನೇ ಪುಟ ಬಂತು. ಚೌಕಟ್ಟು ಹಾಕಿ ದಪ್ಪ ಅಕ್ಷರದಲ್ಲಿ: ‘ಸರ್ಕಾರದ ಕೇಂದ್ರವನ್ನು ನಾವು ಬಿಟ್ಟುಬಿಡುತ್ತೇವೆ. ನಮ್ಮ ಹುಡುಗಿಯನ್ನು ನಾವೇ ನೋಡಿಕೊಳ್ಳುತ್ತೇವೆ. — ವಿಶೇಷಚೇತನ ತಂಗಿಯಿರುವ, ಸೌದಿಯಲ್ಲಿ ದುಡಿಯುವ ಅಕ್ಕ, ಉಡುಪಿ ಜಿಲ್ಲೆ.’ ಹೆಸರು ಹಾಕಲಿಲ್ಲ, ದೊಡ್ಡ ಉಪಕಾರ. ತಟ್ಟೆಯಲ್ಲಿದ್ದ ಅನ್ನ ಹಾಗೇ ಉಳಿಯಿತು.

ಕಳೆದ ರಂಜಾನಿನಲ್ಲಿ ನೀನು ಫೋನ್ ಮಾಡಿದ್ದು ನೆನಪು ಮಾಡಿಕೋ. ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತಿದ್ದೆ. ಅದೇ ವಾರ ಕೇಂದ್ರದ ವ್ಯಾನು ಮೂರು ದಿನ ತಡವಾಗಿ ಬಂದು ಅಮ್ಮ ರೇಗಿದ್ದಳು. ನೀನು ಏನೋ ಸರ್ವೆ ಎಂದೆ. ಕೇಂದ್ರ ಇಲ್ಲದಿದ್ದರೆ ನಮಗೆ ಆಗುತ್ತದಾ ಅಕ್ಕ ಎಂದು ಕೇಳಿದೆ. ನಾನು ಸುಸ್ತಿನಲ್ಲಿ, ಸ್ವಲ್ಪ ಜಂಭದಲ್ಲಿ, “ಖಲ್ಲಿವಲ್ಲಿ ಮಾರಾಯ, ನಮ್ಮ ಹುಡುಗಿಯನ್ನು ನಮಗೆ ನೋಡ್ಲಿಕ್ಕೆ ಆಗುದಿಲ್ವಾ?” ಎಂದೆ. ಖಲ್ಲಿವಲ್ಲಿ ಅಂದರೆ ಎಂತ ಎಂದು ನೀನು ಕೇಳಿದೆ. “ಬಿಡು ಅಂತ” ಎಂದು ನಗಾಡಿದೆ. ಅಷ್ಟೇ. ನನ್ನ ‘ಬಿಡು’ವನ್ನು ಹಿಡಿದುಕೊಂಡು ನೀನು ‘ಬಿಟ್ಟುಬಿಡುತ್ತೇವೆ’ ಮಾಡಿದೆ. ನಾನು ಕೇಳಿದ ಪ್ರಶ್ನೆಯನ್ನೂ ನುಂಗಿ ಉತ್ತರ ಮಾಡಿಟ್ಟೆ. ಎಂಎ ಓದಿದ್ದು ಇದಕ್ಕಾ?

ಈ ಶಬ್ದ ಇಲ್ಲಿ ಯಾವಾಗ ಬಾಯಿಗೆ ಬರುತ್ತದೆ ಎಂದು ಹೇಳುತ್ತೇನೆ ಕೇಳು. ಮಂಜೂರಾದ ರಜೆಯನ್ನು ಹಿಂದಿನ ದಿನ ರದ್ದು ಮಾಡಿದರೆ ಖಲ್ಲಿವಲ್ಲಿ. ಇಲ್ಲಿ ಇರುವ ಪರವಾನಗಿ, ಇಕಾಮಾ, ನವೀಕರಣವಾಗದೆ ತಂದೆ ತೀರಿಕೊಂಡಾಗ ಊರಿಗೆ ಹೋಗಲಾಗದ ಬಾವ ಗ್ಯಾರೇಜಿನ ಮೂಲೆಯಲ್ಲಿ ಅತ್ತು, ಮುಖ ತೊಳೆದುಕೊಂಡು ಬಂದು ಹೇಳಿದ್ದೂ ಅದನ್ನೇ, ಖಲ್ಲಿವಲ್ಲಿ ಸಿಸ್ಟರೇ. ಬೇಡ ಎಂಬ ಅರ್ಥ ಅದಕ್ಕಿಲ್ಲ ತಮ್ಮಾ. ಹೇಳಿ ಪ್ರಯೋಜನವಿಲ್ಲ, ಈಗ ಆ ಮಾತು ಎತ್ತಬೇಡ ಎಂದು ಅರ್ಥ. ಬೇಕಾದ್ದು ಕೈ ತಪ್ಪಿದವರು ಹೇಳುವ ಮಾತು ಅದು.

ತಪ್ಪೆಲ್ಲ ನಿನ್ನದೇ ಎಂದು ನಾನು ಜಾರಿಕೊಳ್ಳುವುದಿಲ್ಲ. ನಮಗೆ ಆಗುವುದಿಲ್ಲವಾ ಎಂದವಳು ನಾನೇ. ಸಮುದ್ರದಾಚೆ ಕೂತು ‘ನಾವು’ ಎನ್ನುವುದು ಎಷ್ಟು ಸುಲಭ ನೋಡು. ನಾನು ಹುಫೂಫಿನಲ್ಲಿ, ನೀನು ಬೆಂಗಳೂರಿನಲ್ಲಿ. ನಮ್ಮ ‘ನಾವು’ ಎಂದರೆ ಅರವತ್ತಾರು ವರ್ಷದ ಅಮ್ಮ ಒಬ್ಬಳೇ. ಬೆಳಿಗ್ಗೆ ವ್ಯಾನು ಬಂದು ಶರ್ಮಿಳಾಳನ್ನು ಕರೆದುಕೊಂಡು ಹೋದ ಮೇಲೆ ಅಮ್ಮ ಬುಟ್ಟಿ ಹೊತ್ತು ಮಾರ್ಕೆಟಿಗೆ ಹೋಗುತ್ತಿದ್ದಳು. ಶರ್ಮಿಳಾ ಅಲ್ಲಿ ಮೆಡಿಕಲ್ ಶಾಪಿಗೆ ಮಾತ್ರೆ ಹಾಕುವ ಕಾಗದದ ತೊಟ್ಟೆ ಅಂಟಿಸುತ್ತಿದ್ದಳು. ಮೂವತ್ನಾಲ್ಕು ವರ್ಷದಲ್ಲಿ ಅವಳು ಕಲಿತ ಒಂದೇ ಕೆಲಸ ಅದು, ಅಂಟು ಹಚ್ಚುವಾಗ ನಾಲಿಗೆ ಹೊರಗೆ ಹಾಕಿ ಎಷ್ಟು ಶ್ರದ್ಧೆ! ನಿಮ್ಮ ವರದಿಯನ್ನು ಸರ್ಕಾರ ಒಪ್ಪಿತು, ನವೆಂಬರ್ ಒಂದರಿಂದ ಕೇಂದ್ರಕ್ಕೆ ಬೀಗ. ಅಮ್ಮ ಮೊದಲ ದಿನ ಅವಳನ್ನು ಮಾರ್ಕೆಟಿಗೇ ಕರೆದುಕೊಂಡು ಹೋದಳಂತೆ. ಗಿರಾಕಿಯ ಜೊತೆ ಮಾತಾಡುವಷ್ಟರಲ್ಲಿ ಹುಡುಗಿ ಇಲ್ಲ. ಬೋಟುಗಳು ನಿಲ್ಲುವ ಧಕ್ಕೆಯ ಅಂಚಿನಲ್ಲಿ ನಿಂತಿದ್ದವಳನ್ನು ಯಾರೋ ಕೈಹಿಡಿದು ತಂದರು. ಮರುದಿನದಿಂದ ಅಮ್ಮ ಅವಳನ್ನು ಮನೆಯೊಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದಾಳೆ. ಪಕ್ಕದ ಮಂಜುಗಡ್ಡೆ ಫ್ಯಾಕ್ಟರಿಯ ಮೆಷಿನ್ ಸದ್ದಿನಲ್ಲಿ ಅವಳು ಕೂಗಿದರೂ ನೆರೆಯವರಿಗೆ ಕೇಳುವುದಿಲ್ಲ. ಫೋನಿನಲ್ಲಿ ನಾನು ಅತ್ತೆ. ಅಮ್ಮ ಅಳಲಿಲ್ಲ. “ಎಂತ ಮಾಡುದು ಮಗಾ, ಕಟ್ಟಿ ಹಾಕ್ಲಿಲ್ಲ ಅಲ್ಲ, ಬೀಗ ಮಾತ್ರ” ಎಂದಳು.

ಮನೆಯವರ ಪ್ರೀತಿಯನ್ನು ಸರ್ಕಾರ ಕೊಡಲಾರದು ಎಂದು ನೀನು ಟಿವಿಯಲ್ಲಿ ಹೇಳಿದೆ. ಒಪ್ಪಿದೆ. ಇಲ್ಲಿಯ ಅರಬ್ ಮನೆತನಗಳನ್ನು ನೀನು ಉದಾಹರಣೆ ಕೊಟ್ಟೆ, ಅದನ್ನೂ ಕೇಳಿದೆ. ನನ್ನ ವಾರ್ಡಿನಲ್ಲಿ ಅಬ್ದುಲ್ ಅಝೀಝ್ ಎಂಬವರ ತಾಯಿ ಇದ್ದಾರೆ, ಪಾರ್ಶ್ವವಾಯು. ಶುಕ್ರವಾರ ಬಂದರೆ ಮಕ್ಕಳು ಮೊಮ್ಮಕ್ಕಳೆಲ್ಲ ಖರ್ಜೂರ, ಕಾಫಿ ಹಿಡಿದು ಮಂಚದ ಸುತ್ತ ಕೂರುತ್ತಾರೆ, ಅಜ್ಜಿಯ ಹಣೆಗೆ ಮುತ್ತಿಡುತ್ತಾರೆ, ನೋಡಿದರೆ ಕಣ್ಣು ತುಂಬುತ್ತದೆ. ಆದರೆ ಉಳಿದ ಆರು ದಿನ ಅವರನ್ನು ಮಗ್ಗುಲಿಗೆ ತಿರುಗಿಸುವವಳು ನಾನು, ಬಾಯಿಗೆ ಗಂಜಿ ಕೊಡುವವಳು ಕೀನ್ಯಾದ ಮನೆಗೆಲಸದವಳು, ಸ್ಕ್ಯಾನಿಂಗಿಗೆ ಕರೆದೊಯ್ದು ಕರೆತರುವವನು ಬಾವ. ಅವರ ಮನೆ ನಿಂತಿರುವುದು ತಮ್ಮ ಮನೆ ಬಿಟ್ಟು ಬಂದ ಮೂವರ ಹೆಗಲ ಮೇಲೆ. ಅಮ್ಮನಿಗೆ ಅಂಥ ಮೂವರು ಎಲ್ಲಿದ್ದಾರೆ? ಒಂದು ವ್ಯಾನು ಇತ್ತು, ಅದನ್ನೂ ನೀವು ನಿಲ್ಲಿಸಿದಿರಿ.

ಈಗ ಅಕ್ಕನಾಗಿ ಒಂದೇ ಮಾತು ಕೇಳುತ್ತೇನೆ. ಕೇಂದ್ರ ಮುಚ್ಚಿದ್ದಕ್ಕೆ ಆಕ್ಷೇಪಣೆ ಸಲ್ಲಿಸಲು ಇದೇ ಮೂವತ್ತರವರೆಗೆ ಸಮಯವಿದೆಯಂತೆ, ಕೇಂದ್ರದ ಟೀಚರ್ ಹೇಳಿದರು. ನಲವತ್ತೊಂದನೇ ಪುಟದ ಮಾತು ತಪ್ಪಾಗಿ ಅಚ್ಚಾಗಿದೆ, ಆ ಹೆಂಗಸು ಹಾಗೆ ಹೇಳಿಲ್ಲ ಎಂದು ನಿನ್ನ ಸಹಿ ಹಾಕಿ ಇಲಾಖೆಗೆ ಎರಡು ಸಾಲು ಬರೆ. ನಾನೂ ಬರೆದೆ. ಹೆಸರಿಲ್ಲದ ಅಕ್ಕ ನೀವೇ ಎನ್ನುವುದಕ್ಕೆ ಪುರಾವೆ ಏನು ಎಂದು ಕೇಳಿದರು. ಪುರಾವೆ ನೀನೇ. ಬರೆದರೆ ನಿನ್ನ ಕುರ್ಚಿ ಅಲುಗಾಡುತ್ತದೆ, ಗೊತ್ತು. ನಿಮ್ಮ ಅಧ್ಯಕ್ಷರು ಮುಖ ಗಂಟು ಹಾಕುತ್ತಾರೆ, ಟಿವಿಯವರು ಕರೆಯುವುದಿಲ್ಲ. ಆದರೆ ಚಿಕ್ಕಂದಿನಲ್ಲಿ ನಿನ್ನನ್ನು ಸೊಂಟದಲ್ಲಿ ಹೊತ್ತು ತಿರುಗಿದವಳು ಶರ್ಮಿಳಾ. ಅವಳಿಗೆ ಬುದ್ಧಿ ಸಾಲದು ಎಂದು ಊರೆಲ್ಲ ಹೇಳುತ್ತಿತ್ತು, ನಿನ್ನನ್ನು ಒಂದು ದಿನವೂ ಕೆಳಗೆ ಬೀಳಿಸಲಿಲ್ಲ.

ಬೈದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಬೈಯಲು ನನಗಿನ್ನು ಯಾರಿದ್ದಾರೆ? ಹೊತ್ತಿಗೆ ಸರಿಯಾಗಿ ಉಣ್ಣು, ಮೊಸರನ್ನ ತಿನ್ನು. ನಿನ್ನ ರೂಮಿನ ಗೆಳೆಯರಿಗೆ ನನ್ನ ನೆನಪು ಹೇಳು. ಕಟೀಲಮ್ಮ ನಿನ್ನನ್ನು ಚೆನ್ನಾಗಿಟ್ಟಿರಲಿ, ಕೈಯಿಂದ ಒಳ್ಳೆಯದನ್ನೇ ಬರೆಸಲಿ.

ಇತಿ ನಿನ್ನ,
ವಿನೋದಕ್ಕ

ವಿ.ಸೂ.: ಬಾವ ಕೆಳಗೆ ಹಾರ್ನ್ ಮಾಡುತ್ತಿದ್ದಾನೆ, ಮೇಲೆ ಬರೆಯಲು ಧೈರ್ಯ ಬರಲಿಲ್ಲ, ಇಲ್ಲಿ ಬರೆಯುತ್ತೇನೆ. ಬುಧವಾರ ರಾಜೀನಾಮೆ ಕೊಟ್ಟೆ. ಫೈನಲ್ ಎಕ್ಸಿಟ್, ಇನ್ನು ಇಲ್ಲಿಗೆ ವಾಪಸಿಲ್ಲ, ಡಿಸೆಂಬರ್ ಕೊನೆಗೆ ಮಲ್ಪೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ನೀನು ಬರೆದು ಕೇಂದ್ರ ತೆರೆಯುವವರೆಗೆ ಆ ಬೀಗದೊಳಗೆ ಶರ್ಮಿಳಾಳನ್ನು ಇಡಲು ನನ್ನಿಂದಾಗದು. ಹತ್ತೊಂಬತ್ತು ವರ್ಷದ ಕೆಲಸ, ಇನ್ನು ಇಂಥದ್ದು ಸಿಗುವುದಿಲ್ಲ, ಬೇಸರ ಎಷ್ಟಿದೆ ಎಂದು ನಿನಗೆ ಹೇಳಿದರೆ ಗೊತ್ತಾಗದು. ನಾನು ಬಂದೆ ಎಂದಾದರೆ ನಿಮ್ಮ ವರದಿ ಹೇಳಿದ ಹಾಗೇ ಆಯಿತಲ್ಲ, ಮನೆಯವರೇ ನೋಡಿಕೊಂಡರು ಎಂದು? ಕೈಮುಗಿದು ಕೇಳುತ್ತೇನೆ ತಮ್ಮಾ, ಮುಂದಿನ ವರದಿಯಲ್ಲಿ ನನ್ನನ್ನು ಹಾಕಬೇಡ.